ಇಳಿಜಾರಿನ ತರಬೇತಿ

(ಹಾವೇರಿ. ‘ಎಲ್ಲರಿಗೂ ಎಟಕುವ ಕಟ್ಟಡ’ ಕುರಿತು ಎಂಜಿನಿಯರುಗಳಿಗೆ ತರಬೇತಿ. ಸಭಾಂಗಣ ಮೊದಲ ಮಹಡಿಯಲ್ಲಿ. ತರಬೇತುದಾರರು ಗಾಲಿಕುರ್ಚಿಯಲ್ಲಿ, ಆದ್ದರಿಂದ ಅಂಗಳದಲ್ಲಿ. ಶಿಷ್ಯವೃಂದ ಕಿಟಕಿಯಿಂದ ಇಣುಕುತ್ತಿದೆ. ಗುರುವಿಗಿಂತ ಎತ್ತರದಲ್ಲಿ ಕೂತು ಕಲಿಯುವ ಯೋಗ ಎಲ್ಲರಿಗೂ ಸಿಗದು.)

ತರಬೇತುದಾರ: ಬ್ಯಾಡಗಿಯೋರ, ನಿಮ್ಮ ಆಫೀಸಿಗೆ ರ‍್ಯಾಂಪ್ ಐತೇನ್ರಿ?

ಬ್ಯಾಡಗಿ: ಭರ್ಜರಿ ಐತ್ರಿ! ಈಗ ಮೆಣಸಿನಕಾಯಿ ಒಣಗಾಕ್ಹತ್ತಾವು. ಇಳಿಜಾರು ನೋಡ್ರಿ, ನೀರು ನಿಲ್ಲಂಗಿಲ್ಲ.

ತರಬೇತುದಾರ: ರಾಣೆಬೆನ್ನೂರು?

ರಾಣೆಬೆನ್ನೂರು: ಕಟ್ಟಿ 2 ಅಡಿ, ರ‍್ಯಾಂಪ್ 4 ಅಡಿ. ಸಾಹೇಬ್ರ ಬೈಕು ಒಂದ ದಮ್ಮಿಗೆ ಹತ್ತತೈತಿ.

ತರಬೇತುದಾರ: ಒಂದಕ್ಕ ಹನ್ನೆರಡು ಲೆಕ್ಕರೀ. 24 ಅಡಿ ಬೇಕು.

ರಾಣೆಬೆನ್ನೂರು: ಅಷ್ಟು ಬಿಟ್ರ ಸಂತಿಯೊಳಗ ಹೊಕ್ಕತೈತಿ!

ತರಬೇತುದಾರ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಎಂಜಿನಿಯರರ ಪಾಠದಾಗೂ ಅಂಗವೈಕಲ್ಯದ ವಿಷಯ ಇರಲಿ ಅಂತೈತಿ. 2024ರ ನವೆಂಬರದಾಗ ಸುಪ್ರೀಂ ಕೋರ್ಟು, ಎಲ್ಲರಿಗೂ ಎಟಕೂ ಹಂಗ ಕಟ್ಟೂ ನಿಯಮ ಬರೀ ಶಿಫಾರಸು ಆದ್ರ ಸಾಲದು, ಕಡ್ಡಾಯ ಮಾಡ್ರಿ ಅಂದೈತಿ.

ಹಾವೇರಿ: ನಾವು ಮೊದಲ ಮಾಡೀವ್ರಿ. ಗಾಲಿಕುರ್ಚಿಯೋರಿಗೆ ಬ್ಯಾರೆ ಶೌಚಾಲಯ. ಹೊಲಸಾಗಬಾರ್ದಂತ ಕೀಲಿ ಹಾಕೀವಿ.

ತರಬೇತುದಾರ: ಕೀಲಿಕೈ?

ಹಾವೇರಿ: ಜವಾನನ ಹತ್ರ.

ತರಬೇತುದಾರ: ಜವಾನ?

ಹಾವೇರಿ: ವರ್ಗ ಆಗಿ ಹ್ವಾದ್ರಿ. ಚಾರ್ಜ್ ಕೊಡೂಮುಂದ ಕೀಲಿಕೈ ಪಟ್ಟಿಯೊಳಗ ಇರಲಿಲ್ಲ.