ಮಸಿಬಟ್ಟೆಗೆ ನೇರ ನೇಮಕಾತಿ

ನಮ್ಮ ಕಡೆ ಮಸಿಬಟ್ಟೆಯನ್ನು ಯಾರೂ ತಯಾರಿಸುವುದಿಲ್ಲ. ಅದು ಬಡ್ತಿಯಿಂದ ಸಿಗುವ ಹುದ್ದೆ. ಯಜಮಾನರ ಪಂಚೆ ಅಂಚು ಹರಿದ ಮೇಲೆ ಮೈ ಒರೆಸುವ ಬಟ್ಟೆಯಾಗಿ, ಅಲ್ಲಿ ನಾಲ್ಕಾರು ವರ್ಷ ಸೇವೆ ಸಲ್ಲಿಸಿ, ತೂತು ಬಿದ್ದ ಮೇಲೆ ಅಡುಗೆಮನೆಗೆ ವರ್ಗವಾಗಿ ಬರುತ್ತದೆ. ಬಿಸಿ ಪಾತ್ರೆ ಇಳಿಸಿ, ಒಲೆಕಟ್ಟೆ ಒರೆಸಿ, ಕಡೆಗೆ ಬಚ್ಚಲ ಬಾಗಿಲಲ್ಲಿ ಕಾಲೊರಸಾಗಿ ನಿವೃತ್ತಿ ಹೊಂದುತ್ತದೆ. ಇಂಥ ಇಲಾಖೆಗೆ ಹೊಚ್ಚ ಹೊಸ ನೂಲಿನ ನೇರ ನೇಮಕಾತಿ ತಂದವರು ಕ್ರೋಶಾ ಚಿಕ್ಕಮ್ಮ.

ಮಾಲೇಕಲ್ಲು ಬೆಟ್ಟದ ಬುಡದಿಂದ ಅರಸೀಕೆರೆ ಪೇಟೆಯವರೆಗೆ ಅವರಿಗೆ ಇದೇ ಹೆಸರು. ಇಂಥವರು ನಿಮ್ಮ ಬೀದಿಯಲ್ಲೂ ಒಬ್ಬರಿರುತ್ತಾರೆ. ಮಾತಾಡುವಾಗ ನಿಮ್ಮ ಮುಖ ನೋಡುವುದಿಲ್ಲ. ತುಟಿ ಅಲ್ಲಾಡುತ್ತಿದ್ದರೆ ಜಪವೆಂದು ಕೈಮುಗಿಯಬೇಡಿ, ಚೈನು ಎಣಿಸುತ್ತಿದ್ದಾರೆ. ಆ ಹೊತ್ತಿನಲ್ಲಿ ಮನೆಮಂದಿಯ ಕ್ಷೇಮ ವಿಚಾರಿಸಿದರೆ ಉತ್ತರ ಹೀಗೆ ಬರುತ್ತದೆ: "ಸೊಸೆ ಬಸುರಿ, ಹದಿನಾರು, ಏಳು ತಿಂಗಳು, ಹದಿನೇಳು, ಹದಿನೆಂಟು, ಕೂತ್ಕೊಳಪ್ಪ, ಅಯ್ಯೋ ಎಷ್ಟಕ್ಕೆ ಬಿಟ್ಟಿದ್ದೆ?" ಬಿಚ್ಚಿ ಮೊದಲಿನಿಂದ ಶುರು ಮಾಡುತ್ತಾರೆ. ಪಾಪ ಬಂದವರ ತಲೆಗೆ.

ಚಿಕ್ಕಮ್ಮನ ಕೈ ಹಳೆಯ ಕೈ. ಟೀವಿಗೆ ಬೆನ್ನು ಇದ್ದ ಕಾಲದಲ್ಲಿ ಟೀವಿಗೊಂದು, ರೇಡಿಯೋಗೊಂದು, ಫ್ರಿಜ್ಜಿಗೊಂದು, ದೇವರ ಮನೆ ಬಾಗಿಲಿಗೊಂದು ಕ್ರೋಶಾ ಹಾಕಿದವರು. ಟೀವಿ ತೆಳ್ಳಗಾಗಿ ಗೋಡೆಗೆ ಅಂಟಿಕೊಂಡಿತು, ಹೊದಿಸಲು ಜಾಗವೇ ಉಳಿಯಲಿಲ್ಲ. ಸೀರೆಗೆ ಕುಚ್ಚು ಹಾಕೋಣವೆಂದರೆ ಪೇಟೆಯ ಹುಡುಗಿಯರು ಮಣಿ ಪೋಣಿಸಿ, ಮುತ್ತು ಇಳಿಬಿಟ್ಟು ಅದನ್ನು ದೊಡ್ಡ ಕಸುಬು ಮಾಡಿಕೊಂಡಿದ್ದರು. ಕಡ್ಡಿ ಹಿಡಿದ ಕೈ ಸುಮ್ಮನಿರುತ್ತದೆಯೇ? ಸೊಸೆಯ ನಾನ್‌ಸ್ಟಿಕ್ ತವಾ ಮೇಲೆ ಕಣ್ಣು ಬಿತ್ತು. ಅದಕ್ಕೆ ಸ್ಟೀಲ್ ಜುಂಗು ತಾಗಿಸಿದರೆ ಗೀರು ಬೀಳುತ್ತದೆ. ತೆಂಗಿನ ಗುಂಜೂ ಆಗದು. ಹಾಗಾಗಿ ಪಾತ್ರೆ ಉಜ್ಜುವುದಕ್ಕೂ ಒರೆಸುವುದಕ್ಕೂ ಹತ್ತಿ ದಾರದಲ್ಲಿ ಕ್ರೋಶಾ!

ಊರು ನಕ್ಕಿತು. ನಗದೆ ಏನು ಮಾಡೀತು? ಇದು ತೆಂಗಿನ ಸೀಮೆ. ಅರಸೀಕೆರೆ, ತಿಪಟೂರು ಎಂದರೆ ಕೊಬ್ಬರಿ. ಹಿತ್ತಿಲಿಗೆ ಕೈ ಚಾಚಿದರೆ ಗುಂಜು, ಒಲೆಗೆ ಕೈ ಹಾಕಿದರೆ ಬೂದಿ, ಭರಣಿ ತೆರೆದರೆ ಹುಣಸೆಹಣ್ಣು; ಹಿತ್ತಾಳೆ ಚೆಂಬು ಬಂಗಾರವಾಗಲು ಇನ್ನೇನು ಬೇಕು? ಬೇಲಿಗೆ ಹಬ್ಬಿದ ತುಪ್ಪೀರೆ ಬಲಿತು ಒಣಗಿದರೆ ಅದರ ನಾರೂ ಬಿಟ್ಟಿ. "ತೆಂಗಿನ ತೋಟದ ಮಧ್ಯೆ ಕೂತು ಪಾತ್ರೆ ಉಜ್ಜೋಕೆ ದಾರ ಕೊಂಡ್ಕೊತೀಯಲ್ಲೇ" ಎಂದು ಯಜಮಾನರು ಲೆಕ್ಕದ ಪುಸ್ತಕ ತೆಗೆದರು. "ನೀವು ಇಸ್ಪೀಟಿಗೆ ಕಳೆದಿದ್ದೂ ಅದರಲ್ಲಿ ಬರ್ಕೊಂಡಿದೀರಾ?" ಎಂದರು ಚಿಕ್ಕಮ್ಮ, ಮುಖ ಎತ್ತದೆ. ಪುಸ್ತಕ ಮುಚ್ಚಿತು.

ದಾರದ ವಿಷಯದಲ್ಲಿ ಮಾತ್ರ ಅವರೊಂದಿಗೆ ತಮಾಷೆ ನಡೆಯದು. ಅಂಗಡಿಯವನು ಮಿರಮಿರ ಮಿಂಚುವ ಅಕ್ರಿಲಿಕ್ ಉಂಡೆ ತೋರಿಸಿದರೆ ಪಾಠ ಶುರು: "ಬಿಸಿ ತಪ್ಪಲೆ ಮುಟ್ಟಿದ್ರೆ ಕರಗಿ ಕೂರುತ್ತೆ ಕಣಯ್ಯ. ನೀರೂ ಕುಡಿಯಲ್ಲ. ಹತ್ತಿ ಒದ್ದೆ ಆದಷ್ಟೂ ಗಟ್ಟಿ. ಕುದಿಯೋ ನೀರಲ್ಲಿ ಅದ್ದಿ ಬಿಸಿಲಿಗೆ ಹಾಕಿದ್ರೆ ಮತ್ತೆ ಹೊಸದು." ಅಷ್ಟೂ ನಿಜವೇ. ಒರೆಸುವುದಕ್ಕೆ ದಪ್ಪ ಕಡ್ಡಿ, ಸಡಿಲ ಹೆಣಿಗೆ, ಬೇಗ ಒಣಗಲಿ ಎಂದು. ಉಜ್ಜುವುದಕ್ಕೆ ಎರಡೆಳೆ ದಾರ, ಬಿಗಿ ಹೆಣಿಗೆ, ಮೈಯೆಲ್ಲ ಪುಟ್ಟ ಗುಬುಟು, ತಳ ಹಿಡಿದ ಹಾಲು ಏಳಲಿ ಎಂದು. ತಗುಲಿಹಾಕಲು ಮೂಲೆಯಲ್ಲೊಂದು ಕುಣಿಕೆ. ಆಂಧ್ರದ ನರಸಾಪುರದ ಹೆಂಗಸರು ಹಾಕುವ ಕ್ರೋಶಾ ಲೇಸು ಹಡಗು ಹತ್ತಿ ಹೊರದೇಶಕ್ಕೆ ಹೋಗುತ್ತದೆಂದು ಯಾರೋ ಹೇಳಿದಾಗ ಮಾತ್ರ ಸ್ವಲ್ಪ ಮಂಕಾದರು. "ನಂದು ತಿಪಟೂರಿಗೂ ಹೋಗಿಲ್ಲ. ರೈಲು ಮನೆ ಮುಂದೇನೇ ಹೋಗುತ್ತೆ."

ಆಷಾಢದ ತೇರಿಗೆ ಮಾಲೇಕಲ್ಲು ತಿರುಪತಿ ಬೆಟ್ಟ ಹತ್ತುವಾಗಲೂ ಕಂಕುಳಲ್ಲಿ ದಾರದ ಚೀಲ. ವೆಂಕಟರಮಣನ ಸನ್ನಿಧಿಗೆ ಸಾವಿರಕ್ಕೂ ಮೀರಿದ ಮೆಟ್ಟಿಲು. ಉಳಿದವರು ಕೂತಲ್ಲಿ ಉಸ್ಸಪ್ಪ ಎನ್ನುತ್ತಾರೆ, ಚಿಕ್ಕಮ್ಮ ಕೂತಲ್ಲಿ ಒಂದು ಸುತ್ತು ಮುಗಿಸುತ್ತಾರೆ. ಬೆಟ್ಟ ಇಳಿಯುವ ಹೊತ್ತಿಗೆ ಬಟ್ಟೆಯೊಂದು ಸಿದ್ಧ, ಜೊತೆಗೆ ಬಂದ ಯಾರದೋ ಮಡಿಲಿಗೆ ಸಂದಾಯ.

ಇಲ್ಲಿಂದ ಅವರ ಸಂಕಟದ ಕಥೆ. ಗೃಹಪ್ರವೇಶ, ಸೀಮಂತ, ನಾಮಕರಣ, ಎಲ್ಲಕ್ಕೂ ಉಡುಗೊರೆ ಇದೇ. ಕೊಟ್ಟಿದ್ದು ತೀರಾ ಚೆನ್ನಾಗಿರುವುದೇ ತಾಪತ್ರಯ. ಎಂಟು ಎಸಳಿನ ತಾವರೆ, ಅಂಚಿಗೆ ಅಲೆ, ಊರಿನ ಶಿವಾಲಯದ ನಕ್ಷತ್ರ ಮಂಟಪ ನೋಡಿಕೊಂಡು ಬಂದು ಹಾಕಿದ ಮೂಲೆಗಳು. ಇದಕ್ಕೆ ಜಿಡ್ಡು ತಾಗಿಸಲು ಯಾರಿಗೆ ಮನಸ್ಸು ಬರುತ್ತದೆ? ಒಬ್ಬರು ಗಣಪತಿ ವಿಗ್ರಹದ ಕೆಳಗೆ ಹಾಸಿದರು. ಇನ್ನೊಬ್ಬರು ಗಾಜಿನ ಕಟ್ಟು ಹಾಕಿಸಿ ಹಾಲಿನಲ್ಲಿ ತೂಗುಹಾಕಿದರು. ಪಾತ್ರೆ ಉಜ್ಜುವ ಗುಬುಟಿನ ಸುರುಳಿಯನ್ನು ಒಬ್ಬ ಹುಡುಗಿ ಜಡೆಗೆ ಮುಡಿದು ಮದುವೆಗೇ ಬಂದಳು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮದನಿಕೆಯ ಪೀಠದಲ್ಲಿ ತನ್ನ ಹೆಸರು ಕೆತ್ತಿಕೊಂಡಂತೆ ಚಿಕ್ಕಮ್ಮನೂ ಪ್ರತಿ ಬಟ್ಟೆಯ ಮೂಲೆಗೊಂದು ಕೆಂಪು ಗಂಟು ಹಾಕುತ್ತಿದ್ದರು. ಗೌರವವೂ ಹಾಗೇ ಸಿಕ್ಕಿತು: ದೂರದಿಂದ ನೋಡಿ, ಮುಟ್ಟಬೇಡಿ.

"ಒರೆಸೋಕೆ ಕೊಟ್ಟಿದ್ದು ಕಣ್ರೇ!" ಎಂದು ಚಿಕ್ಕಮ್ಮ ತಪಾಸಣೆಗೆ ಹೊರಟರು. ಯಾರ ಮನೆಗೆ ಹೋದರೂ ಕಾಫಿಗೆ ಮುಂಚೆ ನೇರ ಸಿಂಕಿನ ಬಳಿಗೆ. ಜನ ಎಚ್ಚೆತ್ತುಕೊಂಡರು. ಚಿಕ್ಕಮ್ಮ ಬೀದಿ ತಿರುವಿನಲ್ಲಿ ಕಂಡ ಕೂಡಲೇ ಬೀರುವಿನಿಂದ ಬಟ್ಟೆ ತೆಗೆದು, ಒಂದು ಚಿಟಿಕೆ ಅರಿಸಿನ, ಎರಡು ಹನಿ ಸಾರು ಬಳಿದು ನಲ್ಲಿಗೆ ನೇತುಹಾಕುವುದು. ಹೋದ ಮೇಲೆ ಮೆತ್ತಗೆ ತೊಳೆದು, ಇಸ್ತ್ರಿ ಮಾಡಿ, ನ್ಯಾಫ್ತಲಿನ್ ಗುಳಿಗೆ ಇಟ್ಟು ಮತ್ತೆ ಬೀರು. ಒಮ್ಮೆ ಚಿಕ್ಕಮ್ಮ ಬಟ್ಟೆ ಮೂಸಿ ನೋಡಿದರು. ಸಾರಿನ ಜೊತೆ ನ್ಯಾಫ್ತಲಿನ್ ಘಮ. ಗುಟ್ಟು ರಟ್ಟಾಯಿತು.

ಆ ರಾತ್ರಿಯಿಂದ ಅವರ ಕೈ ಬದಲಾಯಿತು. ಬೂದು ದಾರಕ್ಕೆ ಕಡುಗಂದು ಅಂಚು. ಒಂದು ಮೂಲೆ ಉದ್ದ, ಒಂದು ಗಿಡ್ಡ. ಬೇಕೆಂದೇ ನಡುವೆ ಎರಡು ಚೈನು ಬಿಟ್ಟದ್ದು. ಕೆಂಪು ಗಂಟೂ ಇಲ್ಲ. ಊರಿನಲ್ಲಿ ಗುಸುಗುಸು ಎದ್ದಿತು: ಪಾಪ ಚಿಕ್ಕಮ್ಮನಿಗೆ ಕಣ್ಣು ಮಂಜಾಗಿದೆ, ಕೈ ನಡುಗುತ್ತಂತೆ. ಮರುಗುತ್ತಲೇ ಆ ಬಟ್ಟೆಗಳನ್ನು ಒಯ್ದು ಸಿಂಕಿಗೆ ಎಸೆದರು. ಕೆಲವೇ ತಿಂಗಳಲ್ಲಿ ಚಿಕ್ಕಮ್ಮನ ಜಗುಲಿಗೆ ಸವೆದು ಜಾಳಾದ, ಮಸಿ ಮೆತ್ತಿದ ತುಂಡುಗಳು ಬರತೊಡಗಿದವು: "ಹರಿದೋಯ್ತು, ಇನ್ನೊಂದು ಹಾಕ್ಕೊಡಿ." ಅವನ್ನೆಲ್ಲ ಅಂಗಳದ ತಂತಿಗೆ ಸಾಲಾಗಿ ಹರಡಿ, ಹೋಗಿಬರುವವರಿಗೆ ತೋರಿಸುವಾಗ ಅವರ ಮುಖ ನೋಡಬೇಕು.

ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ರಾಗ ಎಳೆದಳು: "ಚಿಕ್ಕಮ್ಮಾ, ನಂಗೆ ಮೊದಲಿನ ಥರ ಚೆಂದಗಿರೋದು ಬೇಕು."

ಚಿಕ್ಕಮ್ಮ ಕಡ್ಡಿ ನಿಲ್ಲಿಸಲಿಲ್ಲ. "ಚೆಂದ ನೋಡ್ಬೇಕಾದ್ರೆ ಬೇಲೂರಿನ ಬಸ್ ಹತ್ತಮ್ಮ. ಇದ್ರಲ್ಲಿ ಕುಕ್ಕರ್ ಉಜ್ಜು."