ಹೌಎವರ್ ಸರ್

ತಹಸೀಲ್ದಾರ್ ಕಚೇರಿ ಇದ್ದಲ್ಲಿ ಎದುರಿಗೊಂದು ಝೆರಾಕ್ಸ್ ಅಂಗಡಿ ಇರುತ್ತದೆ. ಝೆರಾಕ್ಸ್ ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ಮೇಲೆ ಒಬ್ಬ ನಿವೃತ್ತ ಇಂಗ್ಲಿಷ್ ಮಾಸ್ತರರು. ಗೋಕಾಕದಲ್ಲಿ ಇವರನ್ನು ಕಂಡವರು ಮೂಡಲಗಿಯಲ್ಲೂ ಕಂಡೆವೆನ್ನುತ್ತಾರೆ. ಹುಕ್ಕೇರಿಯವರು, "ಅಯ್ಯ, ಅವ್ರು ನಮ್ಮೂರವ್ರರೀ" ಎಂದು ಜಗಳಕ್ಕೇ ಬರುತ್ತಾರೆ. ಮೂವರ ಮಾತೂ ಖರೆ. ಉದ್ದ ತೋಳಿನ ಬಿಳಿ ಅಂಗಿ, ಜೇಬಿನಲ್ಲಿ ಬರೆಯಲು ನೀಲಿ ಪೆನ್ನು, ಇನ್ನೊಬ್ಬರು ಬರೆದದ್ದನ್ನು ತಿದ್ದಲು ಕೆಂಪು ಪೆನ್ನು. ಲಗ್ನಪತ್ರಿಕೆ ಕೊಡಲು ಬಂದವರಿಗೂ ಕೆಂಪು ಗೆರೆ ಎಳೆದೇ ವಾಪಸು ಕೊಡುವ ಈ ಜೀವಕ್ಕೆ ಅಪ್ಪ ಅವ್ವ ಇಟ್ಟ ಹೆಸರು ಪಿಂಚಣಿ ಪುಸ್ತಕದಲ್ಲಿ ಮಾತ್ರ ಉಳಿದಿದೆ. ಊರವರ ಬಾಯಲ್ಲಿ ಅವರು ಹೌಎವರ್ ಸರ್.

ಕನ್ನಡದಲ್ಲಿ ಸರ್ ಅವರ ಮಾತು ಬಲು ನೇರ. ಪಾಲಕರ ಸಭೆಯಲ್ಲಿ, "ನಿಮ್ಮ ಮಗಾ ದಡ್ಡ ಅದಾನ, ಹೊಲಕ್ಕ ಹಾಕ್ರಿ" ಎಂದು ಅಪ್ಪನ ಮುಖಕ್ಕೇ ಹೇಳಿದವರು. ಅದೇ ಹುಡುಗನ ಪ್ರಗತಿಪತ್ರದಲ್ಲಿ ಇಂಗ್ಲಿಷಿನಲ್ಲಿ ಷರಾ ಬರೆಯುವಾಗ, ಆಲ್ದೋ ಇವನು ಶ್ರಮಜೀವಿ, ನೆವರ್‌ದಿಲೆಸ್ ಫಲಿತಾಂಶ ತೃಪ್ತಿಕರವಲ್ಲ, ಹೌಎವರ್ ಮುಂದೆ ಸುಧಾರಿಸಬಹುದು ಎಂದು ಮೂರು ಹೊರಳು ಹೊರಳಿದರು. ಅಪ್ಪ ಅದನ್ನು ಯಾರಿಂದಲೋ ಓದಿಸಿ, ಮಗ ಪಾಸಾದನೆಂದು ಊರಿಗೆಲ್ಲ ಪೇಢೆ ಹಂಚಿದ.

ಅರ್ಜಿ ಬರೆಯುವುದನ್ನು ಹತ್ತಿರ ನಿಂತೇ ನೋಡಬೇಕು. ರೈತನೊಬ್ಬ ಬಂದು, "ಬಾಜೂದಾಂವ ನನ್ನ ಹೊಲದ ದಾರಿ ಬಂದ್ ಮಾಡ್ಯಾನ್ರಿ, ತಗಸಿ ಕೊಡ್ರಿ ಅಂತ ಬರೀರಿ" ಎನ್ನುತ್ತಾನೆ. ಅರ್ಜಿ ಅಲ್ಲಿಗೇ ಮುಗಿಯಿತು ಎಂದು ನೀವು ತಿಳಿಯುತ್ತೀರಿ. ಸರ್ ಕನ್ನಡಕ ಒರೆಸಿಕೊಳ್ಳುತ್ತಾರೆ, ಹಾಳೆಯ ಎಡಕ್ಕೆ ಅಂಚು ಮಡಚುತ್ತಾರೆ. ಆಲ್ದೋ ಅರ್ಜಿದಾರನು ಕಾನೂನಿಗೆ ತಲೆಬಾಗುವ ಪ್ರಜೆ. ಆಲ್ದೋ ಎದುರುದಾರನೂ ಗೌರವಸ್ಥನೇ. ಆನ್ ದಿ ಒನ್ ಹ್ಯಾಂಡ್ ಕಬ್ಬು ಕಟಾವಿಗೆ ಬಂದಿದೆ, ಆನ್ ದಿ ಅದರ್ ಹ್ಯಾಂಡ್ ಗಾಡಿ ಹೋಗಲು ದಾರಿಯಿಲ್ಲ. ಇನ್ ಸ್ಪೈಟ್ ಆಫ್ ಹಿರಿಯರ ಪಂಚಾಯಿತಿ... ಹೀಗೆ ಪುಟ ತುಂಬುತ್ತದೆ. ದಾರಿ ತೆರೆಸಿಕೊಡಿ ಎಂಬ ಮಾತು, ತಮ್ಮ ವಿಶ್ವಾಸಿ ಎಂಬುದಕ್ಕಿಂತ ಒಂದೇ ಗೆರೆ ಮೇಲೆ, ಇಕ್ಕಟ್ಟಿನಲ್ಲಿ ಬಂದು ಕೂತಿರುತ್ತದೆ.

ಕನ್ನಡದಲ್ಲೇ ಬರೆದರಾಗದೇ? ಆಗುತ್ತದೆ, ಆಗಲೂಬೇಕು. ಆಡಳಿತ ಭಾಷೆಯ ಕಾಯ್ದೆ ಬಂದದ್ದು 1963ರಲ್ಲಿ. ಕಚೇರಿಯ ಗುಮಾಸ್ತನಿಂದ ಸಾಹೇಬರವರೆಗೆ ಎಲ್ಲರಿಗೂ ಕನ್ನಡ ಬರುತ್ತದೆ. "ಇಂಗ್ಲಿಷಿನ್ಯಾಗ ಕೊಟ್ರ ಸಾಹೇಬ್ರು ಅಂಜತಾರ" ಎಂಬ ನಂಬಿಕೆ ಮಾತ್ರ ಕಾಯ್ದೆಗಿಂತ ಹಳೆಯದು. ಕೊನೆಗೆ ಆಗುವುದಿಷ್ಟು: ಸಾಹೇಬರು ಅರ್ಜಿಯನ್ನು ತಿರುವಿ ಮುರುವಿ ನೋಡಿ ರೈತನನ್ನೇ ಒಳಗೆ ಕರೆದು, "ಏನ್ ಬೇಕಪ್ಪಾ ನಿನಗ?" ಎಂದು ಕೇಳುತ್ತಾರೆ. ಅವನು ಹೇಳುತ್ತಾನೆ. ಕೆಲಸ ನಡೆಯುತ್ತದೆ. ಕೀರ್ತಿ ಸರ್ ಅವರಿಗೆ.

ಈ ವಿದ್ಯೆ ಮೈಗೂಡಿದ್ದು ರೆನ್ ಅಂಡ್ ಮಾರ್ಟಿನ್ ವ್ಯಾಕರಣದಿಂದ ಎಂದು ಅವರೇ ಹೇಳಿಕೊಳ್ಳುತ್ತಾರೆ. ಆಲ್ದೋ ತೆಗೆದು ಇನ್ ಸ್ಪೈಟ್ ಆಫ್ ಹಾಕು, ಅದನ್ನು ತೆಗೆದು ಬಟ್ ಹಾಕು, ಅರ್ಥ ಕೆಡಬಾರದು. ಮೂವತ್ತು ವರ್ಷ ಇದೇ ಕವಾಯತು. "ಆಲ್ದೋ ಬಂದ್ ಮ್ಯಾಲ ಬಟ್ ಬರಬಾರದು" ಎಂದು ಬೆಂಚಿನ ಮೇಲೆ ಛಡಿ ಬಡಿದು ಕಲಿಸಿದ್ದಾರೆ. ಹುಡುಗರು ಒಂದಲ್ಲ ಒಂದು ಸರಿಯಿರಲಿ ಎಂದು ಎರಡನ್ನೂ ಹಾಕುತ್ತಲೇ ಬಂದಿದ್ದಾರೆ. ಹಾಗಾಗಿ ಸುತ್ತಲಿನ ಬ್ಯಾಂಕುಗಳಲ್ಲಿ, ಸೊಸೈಟಿಗಳಲ್ಲಿ, ಸಕ್ಕರೆ ಕಾರ್ಖಾನೆಗಳ ಕಚೇರಿಗಳಲ್ಲಿ ಯಾವ ಪತ್ರ ಬಂದರೂ ಸರ್ ಎರಡು ಗೆರೆ ಓದಿ, "ಇಂವ 1994ರ ಬ್ಯಾಚು, ಹಿಂದಿನ ಬೆಂಚಿನಾಂವ" ಎಂದು ಗುರುತು ಹಿಡಿಯುತ್ತಾರೆ. ಬಹಳ ಸಲ ಸರಿಯಾಗಿಯೇ.

ತರಗತಿಯಲ್ಲಿ ಅವರು ಸೋತದ್ದು ಒಮ್ಮೆ ಮಾತ್ರ. ಎಲ್ಲ ಶಾಲೆಗಳ ಕರಿಹಲಗೆಯ ಮೇಲೂ ಇರುವ ಉದಾಹರಣೆಯನ್ನೇ ಅಂದೂ ಬರೆದಿದ್ದರು: ಅವನು ಬಡವನಾದರೂ ಪ್ರಾಮಾಣಿಕ. ಗೋಕಾಕ ಫಾಲ್ಸ್‌ನಲ್ಲಿ 1880ರ ದಶಕದಲ್ಲೇ ಶುರುವಾದ ನೂಲಿನ ಗಿರಣಿ ಇದೆಯಲ್ಲ, ಅಲ್ಲಿನ ಕೂಲಿಕಾರನ ಮಗನೊಬ್ಬ ಎದ್ದು ನಿಂತ. "ಸರ್, ಬಡವ ಅಂದ್ಮ್ಯಾಲ ಆಲ್ದೋ ಯಾಕ್ರಿ? ಬಡವರು ಕಳ್ಳರಿರ್ತಾರಂತ ಯಾರ್ ಹೇಳ್ಯಾರ್ರಿ?" ಛಡಿ ಮೇಜಿನ ಮೇಲೇ ಉಳಿಯಿತು. ಹುಡುಗ ಕೇಳಿದ್ದು ವ್ಯಾಕರಣದೊಳಗೆ ಸದ್ದಿಲ್ಲದೆ ಕೂತ ಮಾತು. ಆದರೂ ಎಂದ ಕೂಡಲೇ ಅದರ ಹಿಂದೆ, ಸಾಮಾನ್ಯವಾಗಿ ಹೀಗಿರುವುದಿಲ್ಲ ಎಂಬ ಹೇಳದ ಮಾತೊಂದು ಬಂದುಬಿಡುತ್ತದೆ. ಮರುವರ್ಷದಿಂದ ಉದಾಹರಣೆ ಬದಲಾಯಿತು. ಆಲ್ದೋ ಹಿ ಇಸ್ ರಿಚ್, ಹಿ ಇಸ್ ಆನೆಸ್ಟ್. ಆ ವರ್ಷ ತಪಾಸಣೆಗೆ ಬಂದ ಸಾಹೇಬರು ಅದನ್ನೋದಿ ಹಲಗೆ ಒರೆಸಲು ಹೇಳಿದರಂತೆ.

ಬೇರೆಯವರ ಪತ್ರ ಓದುವುದರಲ್ಲಿ ಮಾತ್ರ ಸರ್ ಅವರನ್ನು ಮೀರಿಸುವವರಿಲ್ಲ. ಈ ವಿಷಯದಲ್ಲಿ ನಾನು ಅವರ ಕಡೆಯವನೇ. ವಿಮಾ ಕಂಪನಿಯಿಂದ ಬಂದ ಲಕೋಟೆ ಹಿಡಿದು ಮುದುಕಿಯೊಬ್ಬಳು ಬಂದಿದ್ದಳು. ತಮ್ಮ ದುಃಖದಲ್ಲಿ ನಾವೂ ಭಾಗಿಗಳು, ತಾವು ನಮ್ಮ ಅಮೂಲ್ಯ ಗ್ರಾಹಕರು, ತಮ್ಮ ಕಾಗದಪತ್ರ ತಲುಪಿವೆ ಎಂದು ಮೇಲೆ ಹತ್ತು ಸಾಲು. ಸರ್ ಒಂದನ್ನೂ ಓದಲಿಲ್ಲ. ಬೆರಳು ಹಾಳೆಯ ಅಂಚಿಗುಂಟ ಸರಸರ ಇಳಿದು ಹೌಎವರ್ ಮೇಲೆ ನಿಂತಿತು. "ಯವ್ವಾ, ಮ್ಯಾಲ ಇರೋದೆಲ್ಲಾ ಕರದಂಟ. ತಿಂದ ಬಿಡು. ಖರೆ ಮಾತ ಇಲ್ಲಿಂದ ಸುರು. ರೊಕ್ಕಾ ಕೊಡಂಗಿಲ್ಲ ಅಂತಾರ." ಮುದುಕಿ ಪಟ್ಟು ಬಿಡದೆ, "ಮ್ಯಾಲಿಂದೂ ಓದರಿ, ಅಷ್ಟ ಚಂದ ಬರದಾರ" ಎಂದಳು. ಸರ್ ಓದಿದರು. ಇಬ್ಬರಿಗೂ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಮೇಲ್ಮನವಿ ಬರೆದದ್ದು ಎರಡೇ ಸಾಲು. ಆ ಪತ್ರದಲ್ಲಿ ಆಲ್ದೋ ಇರಲಿಲ್ಲ, ನಾನು ನೋಡಿದ್ದೇನೆ.

ಆನ್ ದಿ ಕಾಂಟ್ರರಿ ಮಾತ್ರ ಅವರಿಗೆ ಇವತ್ತಿಗೂ ಕೈಕೊಡುತ್ತದೆ. ಒಬ್ಬರು ಹೇಳಿದ್ದನ್ನು ಇಲ್ಲ, ಸುಳ್ಳು ಎಂದು ಅಲ್ಲಗಳೆಯುವಾಗ ಬಳಸುವ ಮಾತು ಅದು. ಸರ್ ಬರೆಯುತ್ತಾರೆ: ಹಿರಿಯ ಮಗ ಬೆಳಗಾವಿಯಲ್ಲಿದ್ದಾನೆ, ಆನ್ ದಿ ಕಾಂಟ್ರರಿ ಕಿರಿಯವನು ಪುಣೆಯಲ್ಲಿದ್ದಾನೆ. ಓದಿದವರಿಗೆ ಹಿರಿಯ ಮಗ ಬೆಳಗಾವಿಯಲ್ಲಿ ಇದ್ದಾನೋ ಇಲ್ಲವೋ ಎಂದು ಅನುಮಾನ ಬರುತ್ತದೆ.

ವೇರ್‌ಆಸ್ ಇದಕ್ಕಿಂತ ದುಬಾರಿಯಾಯಿತು. ಹುಕ್ಕೇರಿಯ ಕಡೆ ಜಾಗ ಕೊಳ್ಳಲು ಪುಣೆಯ ಪಾರ್ಟಿ ಇಂಗ್ಲಿಷಿನಲ್ಲಿ ಕರಾರುಪತ್ರ ಮಾಡಿಸಿ ತಂದಿತ್ತು. ಪ್ರತಿ ಕಲಮಿನ ನೆತ್ತಿಯ ಮೇಲೂ ದಪ್ಪಕ್ಷರದಲ್ಲಿ ವೇರ್‌ಆಸ್. ವಕೀಲರ ಬರಹದಲ್ಲಿ ಅದಕ್ಕೆ, ಹೀಗಿರುವಲ್ಲಿ ಎಂಬುದಕ್ಕಿಂತ ಹೆಚ್ಚಿನ ತೂಕವಿಲ್ಲ. ಒಂದು ಕಡೆ ಹೀಗೆ, ಇನ್ನೊಂದು ಕಡೆ ಹಾಗೆ ಎಂದು ಕಲಿಸಿದವರಿಗೆ ಅದು ಜಗಳದ ಸದ್ದು. "ಆರು ಕಡೆ ವಿರೋಧ ಐತ್ರಿ ಇದ್ರಾಗ, ಸಹಿ ಮಾಡಬ್ಯಾಡ್ರಿ" ಎಂದರು ಸರ್. ಖರೀದಿ ತಿಂಗಳು ಮುಂದೆ ಹೋಯಿತು, ಅಷ್ಟರಲ್ಲಿ ಬೇರೊಬ್ಬರು ಹೆಚ್ಚಿನ ದರಕ್ಕೆ ಕೇಳಿದರು. ಜಾಗದ ಗೌಡರು ಸರ್ ಅವರಿಗೆ ಶಾಲು ಹೊದಿಸಿದರು. ಹಾಗೆಂದು ಅವರು ಅದನ್ನು ಸರಿಯಾಗಿ ಬಳಸಿಲ್ಲವೆಂದಲ್ಲ. ಸುತ್ತಲಿನ ಜಿಲ್ಲೆಗಳಿಗೆಲ್ಲ ಕರೆಂಟು ಕೊಡುವುದು ಹೆಸ್ಕಾಂ, ವೇರ್‌ಆಸ್ ಹುಕ್ಕೇರಿಗೆ 1969ರ ಸಹಕಾರಿ ಸಂಘ ಎಂದು ಬರೆದ ವಾಕ್ಯಕ್ಕೆ ಯಾವ ಕೆಂಪು ಪೆನ್ನೂ ಹತ್ತುವುದಿಲ್ಲ.

2018ರಲ್ಲಿ ಮೂಡಲಗಿ ಗೋಕಾಕದಿಂದ ಬೇರೆ ತಾಲ್ಲೂಕಾದಾಗ ಗಿರಾಕಿ ಕಡಿಮೆಯಾದಾರೆಂದು ಸರ್ ಚಿಂತಿಸಿದ್ದರು. ಆಗಲಿಲ್ಲ. ಅಲ್ಲಿಯ ಕಚೇರಿಯ ಎದುರಿಗೂ ಒಬ್ಬರು ಕೂತರು, ಇವರ ಶಿಷ್ಯರೇ, ಇನ್ನೂ ಉದ್ದ ಬರೆಯುತ್ತಾರೆ.

ಚಹಾ ಬಂತೆಂದರೆ ಸರ್ ಅವರಿಂದ ಎರಡು ಸಂಗತಿ ತಪ್ಪಿದ್ದಲ್ಲ. ಮೊದಲನೆಯದು ಸಂವಿಧಾನ. ಅದರ 343ನೇ ವಿಧಿ ಕೇಂದ್ರದ ಅಧಿಕೃತ ಭಾಷೆ ಹಿಂದಿ ಎನ್ನುತ್ತದೆ. ಎರಡನೇ ಕಲಮು ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂದು ಶುರುವಾಗಿ, ಮೇಲೆ ಏನೇ ಹೇಳಿದ್ದರೂ ಹದಿನೈದು ವರ್ಷ ಇಂಗ್ಲಿಷ್ ಇರಲಿ ಎನ್ನುತ್ತದೆ. "ಆ ಹದಿನೈದು 1965ಕ್ಕ ಮುಗದಾವ. ಇಂಗ್ಲಿಷ್ ಹೋತೇನು? ಒಂದು ನಾಟ್‌ವಿತ್‌ಸ್ಟ್ಯಾಂಡಿಂಗ್ ಮ್ಯಾಲ ನನ್ನ ಹೊಟ್ಟಿ ನಡದೈತಿ." ಎರಡನೆಯದು ವಿ. ಕೃ. ಗೋಕಾಕರು. ಹುಟ್ಟಿದ್ದು ಸವಣೂರು, ಹೌಎವರ್ ಹೆಸರು ನಮ್ಮೂರಿಂದು. ಆಕ್ಸ್‌ಫರ್ಡ್‌ನಲ್ಲಿ ಓದಿ ಇಂಗ್ಲಿಷ್ ಪ್ರೊಫೆಸರಾದವರು, ಹೌಎವರ್ 1981ರಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಎಂದು ವರದಿ ಬರೆದರು, ರಾಜಕುಮಾರ್ ಅದಕ್ಕಾಗಿ ಬೀದಿಗಿಳಿದರು. ಅವರೂ ನಾನೂ ಒಂದೇ ಜಾತಿ ಎಂದು ಸರ್ ಬಾಯಿಬಿಟ್ಟು ಹೇಳುವುದಿಲ್ಲ. ಚಹಾದ ಕಪ್ಪು ಇಟ್ಟು ಸುಮ್ಮನೆ ನೋಡುತ್ತಾರೆ.

ಈಚೆಗೆ ಝೆರಾಕ್ಸ್ ಅಂಗಡಿಯ ಹುಡುಗ ಮೊಬೈಲಿನ ಎಐಗೆ ಕನ್ನಡದಲ್ಲಿ ಹೇಳಿ ಇಂಗ್ಲಿಷ್ ಅರ್ಜಿ ತೆಗೆಯುವುದನ್ನು ಕಲಿತಿದ್ದಾನೆ. ಕಣ್ಣು ಮುಚ್ಚಿ ತೆಗೆಯುವುದರೊಳಗೆ ಪುಟ ಸಿದ್ಧ, ರೂಪಾಯಿ ಇಪ್ಪತ್ತು. ಮೊದಲ ಪ್ರಿಂಟನ್ನು ಹೆದರುತ್ತಲೇ ಸರ್ ಅವರ ಕೈಗೆ ಕೊಟ್ಟ. ಅವರು ಕೆಂಪು ಪೆನ್ನು ತೆರೆದು ಓದತೊಡಗಿದರು. ವೈಲ್ ನಾನು ಇಲಾಖೆಯ ಪರಿಶ್ರಮ ಮೆಚ್ಚುತ್ತೇನೆ. ಹೌಎವರ್ ದಾರಿಯ ಸಮಸ್ಯೆ ಇದೆ. ಡಿಸ್ಪೈಟ್ ಹಲವು ಮನವಿ. ನಾಟ್ ಓನ್ಲಿ ನನಗೆ, ಬಟ್ ಆಲ್ಸೋ ನೆರೆಯವರಿಗೆ. ಪೆನ್ನು ಎಲ್ಲಿಯೂ ಇಳಿಯಲಿಲ್ಲ.

"ಚಲೋ ಬರದಾನ. ಯಾಂವಲೇ ಇಂವ?" ಎಂದರು ಸರ್. "ಯಾವ ವರ್ಷದ ಬ್ಯಾಚು?"