ಬೂದಿಗೂ ಬ್ರ್ಯಾಂಡ್ ಬೇಕು

ಅಂಟುವಾಳದ ಕಾಯಿ ಗ್ರಂಥಿಗೆ ಅಂಗಡಿಯ ಗೋಣಿಚೀಲದಲ್ಲಿದ್ದರೆ ಅದು ಹಳ್ಳಿಗುಗ್ಗುಗಳ ಸಾಮಾನು. ಅದನ್ನೇ ಕುದಿಸಿ, ಸೋಸಿ, ಕಂದು ಬಾಟಲಿಗೆ ತುಂಬಿ, ಮೇಲೊಂದು ಹಸಿರೆಲೆ ಅಂಟಿಸಿದರೆ ಅದು ಜೀವನಶೈಲಿ. ಕಾಯಿಗೆ ಚೌಕಾಸಿ ಮಾಡುತ್ತೇವೆ. ಬಾಟಲಿಗೆ ತುಟಿಪಿಟಕ್ಕೆನ್ನದೆ ಕಾರ್ಡ್ ಉಜ್ಜುತ್ತೇವೆ.

ಬೂದಿಯ ಕಥೆಯೂ ಅಷ್ಟೇ. ಸೌದೆ ಒಲೆ ಹೋಯಿತು, ಗ್ಯಾಸ್ ಬಂತು. ಒಳ್ಳೆಯದೇ ಆಯಿತು. ಆ ಹೊಗೆ ಕುಡಿದವರಾರೂ ಒಲೆಯನ್ನು ನೆನೆದು ಕಣ್ಣೀರು ಹಾಕುವುದಿಲ್ಲ. ಆದರೆ ಒಲೆಯ ಜೊತೆಗೆ ಬೂದಿಗೂ ಅಸಹ್ಯದ ಪಟ್ಟ ಕಟ್ಟಿದೆವು. ಬೂದಿಯಲ್ಲಿ ಪೊಟ್ಯಾಸಿಯಂ ಕಾರ್ಬೊನೇಟ್ ಎಂಬ ಕ್ಷಾರವಿದೆ, ಅದು ಜಿಡ್ಡನ್ನು ಬಿಡಿಸುತ್ತದೆ ಎಂದರೆ ನಂಬಲಿಲ್ಲ. ಈಗ ಬೂದಿ ಪೊಟ್ಟಣ ಕಟ್ಟಿಕೊಂಡು ಆನ್‌ಲೈನ್ ಅಂಗಡಿಗೆ ಬಂದಿದೆ. ಬೆರಣಿಯೂ ಬಂದಿದೆ. ಈಗ ನಂಬಿದ್ದೇವೆ. ಬೆಲೆಯ ಚೀಟಿ ಕಂಡಮೇಲಷ್ಟೇ ನಮಗೆ ವಿಜ್ಞಾನ ಅರ್ಥವಾಗುವುದು.

ಇನ್ನು ನೊರೆ. ನೊರೆ ಬಾರದಿದ್ದರೆ ನಮಗೆ ತೊಳೆದಂತೆಯೇ ಆಗುವುದಿಲ್ಲ. ಕೊಳೆ ಬಿಡಿಸುವುದಕ್ಕೂ ನೊರೆ ಉಬ್ಬುವುದಕ್ಕೂ ಅಂಥ ನಂಟೇನಿಲ್ಲ. ವಾಷಿಂಗ್ ಮೆಷಿನ್ನಿನ ಪುಡಿಯನ್ನು ಕಂಪನಿಗಳೇ ಕಡಿಮೆ ನೊರೆ ಬರುವಂತೆ ಮಾಡುತ್ತವೆ. ಆದರೂ ಒಂದು ಚಮಚ ಸಾಕು ಎಂದಲ್ಲಿ ಮೂರು ಸುರಿಯುತ್ತೇವೆ.

ಆ ನೊರೆ ಎಲ್ಲಿಗೆ ಹೋಯಿತು? ಬೆಂಗಳೂರಿನ ಬೆಳ್ಳಂದೂರು ಕೆರೆಗೆ. 2015ರಲ್ಲಿ ಕೆರೆಯಿಂದೆದ್ದ ನೊರೆ ರಸ್ತೆಗೆ ಹಾರಿ ಬೈಕಿನವರ ಮುಖಕ್ಕೆ ಬಡಿಯಿತು. 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಬಿತ್ತು. ಬಚ್ಚಲ ನೀರು ಸಂಸ್ಕರಣೆಯಾಗದೆ ನೇರ ಕೆರೆಗೆ ಸೇರಿದ್ದು ಸರ್ಕಾರದ ತಪ್ಪು, ಒಪ್ಪೋಣ. ಬಚ್ಚಲು ಯಾರದು? ಕೆರೆಯ ದಂಡೆಯಲ್ಲಿ ಫಲಕ ಹಿಡಿದು ನಿಂತವರು ಮನೆಗೆ ಹೋಗಿ, ಧೂಳಾದ ಟೀಶರ್ಟಿಗೆ ಮತ್ತೆ ಮೂರು ಚಮಚ ಸುರಿದರು.

ಜಾಹೀರಾತಿನ ಕೀಟಾಣುವಿಗೆ ಕೊಂಬು, ಕೋರೆಹಲ್ಲು. ಬಾಟಲಿಯ ಮೇಲೆ ಶೇ 99.9ರ ಭರವಸೆ. ಪಕ್ಕದಲ್ಲೊಂದು ನಕ್ಷತ್ರದ ಗುರುತು. ಆ ನಕ್ಷತ್ರದ ಅರ್ಥ ಹಿಂಬದಿಯಲ್ಲಿ, ಇರುವೆಯೂ ಕನ್ನಡಕ ಹಾಕಿ ಓದಬೇಕಾದ ಅಕ್ಷರದಲ್ಲಿ. ಯಾರಿಗೂ ಕಾಯಿಲೆಯಿಲ್ಲದ ಮನೆಯ ನೆಲಕ್ಕೆ ಸೋಪಿನ ನೀರು ಧಾರಾಳ ಸಾಕು. ಆದರೆ ಮೂಗು ಒಪ್ಪಬೇಕಲ್ಲ! ಪೈನ್ ಮರವನ್ನು ಕಣ್ಣಲ್ಲೂ ಕಾಣದವರಿಗೆ ಪೈನ್ ವಾಸನೆ ಬಾರದಿದ್ದರೆ ನೆಲ ಕೊಳಕು.

ಹಾಗೆಂದು ಎದುರು ಪಾಳಯದವರೇನು ಬೃಹಸ್ಪತಿಗಳಲ್ಲ. ಇವರು ನೈಸರ್ಗಿಕ ಪಂಥದವರು. ಇವರ ಮಹಾಯಾಗ ಒಂದೇ: ಅಡುಗೆ ಸೋಡಾಕ್ಕೆ ವಿನೆಗರ್ ಸುರಿಯುವುದು. ಬುಸ್ಸೆಂದು ಉಕ್ಕುತ್ತದೆ. ವಿಡಿಯೋ ಆಗುತ್ತದೆ. ಲೈಕ್ ಬೀಳುತ್ತವೆ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ಉಕ್ಕಿದ್ದು ಇಂಗಾಲದ ಡೈಆಕ್ಸೈಡ್. ಉಳಿದದ್ದು ಸೋಡಿಯಂ ಅಸಿಟೇಟ್ ಕರಗಿದ ನೀರು. ಎರಡು ಒಳ್ಳೆಯ ಸಾಮಾನು ಕೆಡಿಸಿ ಒಂದು ನಿಷ್ಪ್ರಯೋಜಕ ದ್ರವ ಮಾಡುವುದಕ್ಕೂ ನಮ್ಮಲ್ಲಿ ಗುರುಗಳಿದ್ದಾರೆ.

ಬೇರೆಬೇರೆಯಾಗಿ ಬಳಸಿ, ಎರಡೂ ಕೆಲಸ ಮಾಡುತ್ತವೆ. ಬೋರ್‌ವೆಲ್ ನೀರಿನ ಬಿಳಿ ಕರೆ ನಲ್ಲಿಗೆ ಕಟ್ಟಿದ್ದರೆ ವಿನೆಗರ್ ಅಥವಾ ಹಿಂಡಿದ ನಿಂಬೆಯ ಸಿಪ್ಪೆ. ಒಲೆಯ ಜಿಡ್ಡಿಗೆ ಸೋಡಾ. ಹಿತ್ತಾಳೆ ದೀಪಕ್ಕೆ ಹುಣಸೆ, ಕಲ್ಲುಪ್ಪು. ತಿಕ್ಕುವುದಕ್ಕೆ ತೆಂಗಿನ ನಾರು. ಹಾಗಂತ ಕಡಪ ಕಲ್ಲಿಗೂ ಅಮೃತಶಿಲೆಗೂ ನಿಂಬೆ ಉಜ್ಜಬೇಡಿ. ಅವೆರಡೂ ಸುಣ್ಣದ ಜಾತಿ, ಆಮ್ಲ ತಾಗಿದರೆ ಹೊಳಪು ಹೋಗುತ್ತದೆ. ನೈಸರ್ಗಿಕ ಎಂಬುದೇನು ಅಭಯಹಸ್ತವಲ್ಲ.

ಬ್ಲೀಚಿಗೆ ವಿನೆಗರನ್ನೋ ಟಾಯ್ಲೆಟ್ಟಿನ ಆ್ಯಸಿಡ್ಡನ್ನೋ ಬೆರೆಸುವ ಮಹಾನುಭಾವರೂ ಇದ್ದಾರೆ. ಆಗ ಬರುವುದು ಕ್ಲೋರಿನ್. 1915ರಲ್ಲಿ ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೈನ್ಯ ಶತ್ರುಗಳ ಮೇಲೆ ಬಿಟ್ಟದ್ದು ಇದೇ ಅನಿಲ. ಇವರು ಬಾಗಿಲು ಹಾಕಿಕೊಂಡು ತಮ್ಮ ಮೇಲೇ ಬಿಟ್ಟುಕೊಳ್ಳುತ್ತಾರೆ.

ಇನ್ನು ಬಯೋ ಎಂಜೈಮ್. ಒಂದು ಪಾಲು ಬೆಲ್ಲ, ಮೂರು ಪಾಲು ನಿಂಬೆ–ಕಿತ್ತಳೆ ಸಿಪ್ಪೆ, ಹತ್ತು ಪಾಲು ನೀರು. ಮೂರು ತಿಂಗಳು ಹುದುಗಬೇಕು. ಫೋಟೋ ಮಾತ್ರ ಮೊದಲ ದಿನವೇ ಸಿದ್ಧ. ಮುಚ್ಚಳ ಆಗಾಗ ಸಡಿಲಿಸಿ ಗಾಳಿ ಬಿಡಬೇಕೆಂದು ಹೇಳಿದರೆ ಕೇಳುವ ವ್ಯವಧಾನ ಯಾರಿಗಿದೆ? ಡಬ್ಬಿ ಸಿಡಿದಮೇಲೆ ಪ್ಲಾಸ್ಟಿಕ್ ಬಾಟಲಿಯ ಫಿನೈಲ್ ತರಿಸಿ ಗೋಡೆ ಒರೆಸುತ್ತಾರೆ.

ಸರ್ಕಾರಿ ಗದ್ದುಗೆಯೂ ಹಿಂದೆ ಬಿದ್ದಿಲ್ಲ. ಸಗಣಿಯ ಚಿಪ್ ಅಂಟಿಸಿದರೆ ಮೊಬೈಲ್ ವಿಕಿರಣ ಕಡಿಮೆಯಾಗುತ್ತದೆ ಎಂದು 2020ರಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದ ಅಧ್ಯಕ್ಷರೇ ಸಾರಿದರು. ಮಣ್ಣಿನ ನೆಲದ ಧೂಳು ಏಳದಂತೆ ಅಜ್ಜಿ ಸಗಣಿ ಸಾರಿಸಿದಳು. ಅವಳ ಬುದ್ಧಿ ಅಷ್ಟಕ್ಕೇ ನಿಂತಿತು. ಅದೃಷ್ಟ.

ಈಗ ಯಾರೂ ಕೇಳದ ಪ್ರಶ್ನೆ. ಬಾಟಲಿ ನಿಮ್ಮದು, ಉಜ್ಜುವ ಕೈ ಯಾರದು?

ಮನೆಯೊಡತಿಯ ಅಂಗೈಗೆ ಒಗ್ಗಲಿ ಎಂದು ಸೌಮ್ಯ, ಸಾವಯವ, ಸುಗಂಧರಹಿತ. ಕೆಲಸದವಳಿಗೆ ಬಚ್ಚಲ ಮೂಲೆಯ ಅಗ್ಗದ ಬಾರ್ ಸೋಪು. ಅವಳ ಬೆರಳಸಂದು ಬಿರಿದರೆ ಅದು ಅವಳ ಹಣೆಬರಹ. ಮಕ್ಕಳಿಗೆ ವಿಷ ತಾಗಬಾರದೆಂದು ನೆಲಕ್ಕೆ ಬೇವಿನ ದ್ರಾವಣ. ಆ ನೆಲ ಒರೆಸಿದವಳು ಅದರ ಮೇಲೆ ಕೂತು ಚಹಾ ಕುಡಿಯಬೇಕು, ಬೇರೆ ಲೋಟದಲ್ಲಿ. ಲಿಫ್ಟೂ ಬೇರೆ. ಭೂಮಿತಾಯಿಯ ಮೇಲಿನ ಕರುಣೆ ನಾಲ್ಕನೇ ಮಹಡಿ ಇಳಿಯುವುದಿಲ್ಲ.

ಅಂಟುವಾಳ, ಬೂದಿ, ಹುಣಸೆಯ ಗುಣ ಇವರಿಗೆ ಗೊತ್ತಾದದ್ದು ರೀಲ್ಸ್‌ನಿಂದ. ಅವಳಿಗೆ ಗೊತ್ತಿದ್ದದ್ದು ಅವ್ವನಿಂದ. ಬಾಯಿಬಿಟ್ಟು ಹೇಳಿದ್ದರೆ ಕೊಳಕು ಅಭ್ಯಾಸ ಎಂದು ಬೈಸಿಕೊಳ್ಳುತ್ತಿದ್ದಳು.

ಸೋಪುನೀರಿಗೆ ಮುನ್ನೂರು ರೂಪಾಯಿ ಹೆಚ್ಚು ಕೊಡುವ ಮನೆಯಲ್ಲೇ ಅವಳು ನೂರು ಹೆಚ್ಚಿಗೆ ಕೇಳಿದರೆ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗುಂಪಿನಲ್ಲಿ ತುರ್ತುಸಭೆ. ಕರ್ನಾಟಕ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿದ್ದು 2004ರಲ್ಲಿ. ಆ ಸುದ್ದಿ ನಾಲ್ಕನೇ ಮಹಡಿಗೆ ಇನ್ನೂ ಡೆಲಿವರಿಯಾಗಿಲ್ಲ.

ಆದ್ದರಿಂದ ಬಾಟಲಿ ಬಿಡಿ. ಒಂದು ಹಿಡಿ ಅಂಟುವಾಳ, ಒಂದು ಪೊಟ್ಟಣ ಸೋಡಾ, ನಾಲ್ಕು ನಿಂಬೆಸಿಪ್ಪೆ ಸಾಕು. ಹೀಗೆ ಉಳಿದ ದುಡ್ಡನ್ನು ಅವಳ ಸಂಬಳಕ್ಕೆ ಸೇರಿಸಿ. ಅಷ್ಟು ಮಾಡಲಾಗದಿದ್ದರೆ ಪರಿಸರದ ಮಾತು ನಿಲ್ಲಿಸಿ, ಪೊರಕೆಯನ್ನು ನೀವೇ ಹಿಡಿಯಿರಿ.